ಏಳನೇ ಸಾಲು

2008ರ ಜೂನ್ 10, ಮಂಗಳವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ.

ಹಸಿರುಮನೆಯ ಎರಡು ಬಾಗಿಲುಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ನಿಂತು ಅವಳು ಹಾಲು ಕದಡುತ್ತಿದ್ದಳು. ಕುಡಿಯುವ ಹಾಲಲ್ಲ. ಕೆನೆ ತೆಗೆದ ಹಾಲಿನ ಪುಡಿಯನ್ನು ಗಂಟು ಕಟ್ಟದಂತೆ ನೀರಿನಲ್ಲಿ ಕಲಸಿ, ಅಗಲವಾದ ಬೋಗುಣಿಗೆ ಸುರಿದು, ಬಾಗಿಲ ಪಕ್ಕದ ಸ್ಟೂಲಿನ ಮೇಲಿಡುವುದು ಅವಳ ದಿನದ ಮೊದಲ ಕೆಲಸ.

ಹೊರಬಾಗಿಲು ದಢಾರನೆ ತೆರೆಯಿತು.

ಹೆಗಲ ಮೇಲೆ ಪೈಪಿನ ಸುರುಳಿ, ಒಂದು ಕೈಯಲ್ಲಿ ಪಾನಾ, ಇನ್ನೊಂದರಲ್ಲಿ ತುಕ್ಕು ಹಿಡಿದ ಉಪಕರಣಗಳ ಡಬ್ಬಿ. ನೀರಿನ ಮುಖ್ಯ ಕೊಳವೆ ಒಡೆದಿದೆಯೆಂದು ದೊಡ್ಡಪ್ಪ ಕರೆಸಿದ್ದ ಪ್ಲಂಬರ್ ಇವನೇ ಇರಬೇಕು ಎಂದುಕೊಂಡಳು. ಅವನು ಅವಳ ಕಡೆ ನೋಡದೆ ನೇರವಾಗಿ ಒಳಬಾಗಿಲಿಗೆ ಕೈ ಹಾಕಿದ.

"ನಿಂತ್ಕೊಳ್ಳಿ. ಕೈ ಅದ್ದಿ."

"ಎಲ್ಲಿಗೆ?"

"ಹಾಲಿಗೆ. ಎರಡೂ ಕೈ, ಮೊಣಕೈವರೆಗೆ."

ಅವನು ಬೋಗುಣಿಯನ್ನು ನೋಡಿದ. ಅವಳನ್ನು ನೋಡಿದ. ಅವಳ ಕೊರಳಲ್ಲಿ ದಾರಕ್ಕೆ ನೇತುಬಿದ್ದಿದ್ದ ಭೂತಗನ್ನಡಿಯನ್ನು ನೋಡಿದ.

"ಮೇಡಂ, ಒಳಗೆ ನೀರು ಕೋಡಿ ಹರೀತಿದೆ. ನೀವು ಇಲ್ಲಿ ನನಗೆ ಹಾಲಲ್ಲಿ ಸ್ನಾನ ಮಾಡಿಸ್ತಿದ್ದೀರ."

ಆಗ ಅವಳಿಗೆ ವಾಸನೆ ಬಡಿಯಿತು. ಹೊಗೆಸೊಪ್ಪಿನ ವಾಸನೆ...

"ಸಿಗರೇಟು ಸೇದ್ತೀರಾ?"

"ಇದು ಹೆಂಡತಿ ಕೇಳೋ ಪ್ರಶ್ನೆ. ನನಗೆ ಹೆಂಡತಿ ಇಲ್ಲ, ಹಾಗಾಗಿ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ."

"ನಾನು ಕೇಳ್ತಿಲ್ಲ. ಒಳಗಿರೋ ಟೊಮೇಟೊ ಕೇಳ್ತಿದೆ."

ಹೊಗೆಸೊಪ್ಪಿನಲ್ಲಿ ಒಂದು ವೈರಸ್ ಬದುಕಿರುತ್ತದೆ, ಸಿಗರೇಟು ಹಿಡಿದ ಬೆರಳಿನಿಂದ ಅದು ಟೊಮೇಟೊ ಎಲೆಗೆ ದಾಟುತ್ತದೆ, ದಾಟಿದರೆ ಔಷಧವಿಲ್ಲ, ಹಾಲಿನ ಪ್ರೋಟೀನು ಆ ಕಣಗಳನ್ನು ಸುತ್ತಿಕೊಂಡು ಹಲ್ಲು ಕಿತ್ತ ಹಾವಿನಂತೆ ಮಾಡುತ್ತದೆ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅವನು ತೋಳು ಮಡಚಿದ. ಕೈ ಅದ್ದಿದ. ಬೆಳ್ಳಗಾದ ಎರಡೂ ಕೈಗಳನ್ನು ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರಂತೆ ಮೇಲೆತ್ತಿಕೊಂಡು, ಬಾಗಿಲನ್ನು ಭುಜದಿಂದ ದೂಡಿಕೊಂಡು ಒಳನಡೆದ.

ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು. ಅವನು ತಿರುಗಿ ನೋಡಿದ ಎಂಬುದು ಅವಳಿಗೆ ಗೊತ್ತಾಯಿತು. ನಕ್ಕದ್ದು ಅವನಿಗೆ ಕೇಳಿಸಿತು ಎಂಬುದೂ...

ಆ ಹಸಿರುಮನೆಯಲ್ಲಿ ಮಣ್ಣು ಎಂಬುದೇ ಇರಲಿಲ್ಲ. ನೆಲಕ್ಕೆ ಬಿಳಿ ಪ್ಲಾಸ್ಟಿಕ್ ಹಾಸು. ಅದರ ಮೇಲೆ ಮೊಣಕಾಲೆತ್ತರದ ತಗಡಿನ ದೋಣಿಗಳು, ದೋಣಿಗಳ ತುಂಬ ತೆಂಗಿನ ನಾರಿನ ಪುಡಿಯ ಚೀಲಗಳು. ಗಿಡಕ್ಕೆ ಬೇಕಾದ ಲವಣಗಳನ್ನೆಲ್ಲ ತೂಗಿ ನೀರಿನಲ್ಲಿ ಕರಗಿಸಿ, ಸಣ್ಣ ಕೊಳವೆಗಳ ಮೂಲಕ ಹನಿಹನಿಯಾಗಿ ಬೇರಿಗೆ ಉಣಿಸುತ್ತಿದ್ದರು. ಇಪ್ಪತ್ತು ಸಾಲು, ಸಾಲಿಗೆ ಇನ್ನೂರ ಹತ್ತು ಗಿಡ. ಒಟ್ಟು ನಾಲ್ಕು ಸಾವಿರದ ಇನ್ನೂರು.

ದೊಡ್ಡಪ್ಪ ಹಳೆಯ ತಳಿಯೊಂದನ್ನೇ ಬೆಳೆಯುತ್ತಿದ್ದರು. ಅದಕ್ಕೆ ರುಚಿ ಇತ್ತು, ರೋಗ ತಡೆಯುವ ಶಕ್ತಿ ಇರಲಿಲ್ಲ. "ಮಣ್ಣಲ್ಲಿ ತಪ್ಪು ಮಾಡಿದ್ರೆ ಮಣ್ಣೇ ಮುಚ್ಚಿಹಾಕುತ್ತೆ. ನಮ್ಮದು ನೀರು ನೋಡು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ" ಎಂದು ಅವರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಸಸ್ಯಶಾಸ್ತ್ರ ಓದಿ ಮುಗಿಸಿದ ತಮ್ಮನ ಮಗಳನ್ನು ಗಿಡಗಳ ಆರೋಗ್ಯ ನೋಡಿಕೊಳ್ಳಲು ಕರೆಸಿಕೊಂಡಿದ್ದರು. ಎಲೆ ಎಲೆಯನ್ನೂ ಮಗುಚಿ ನೋಡುವ ಅವಳಿಗೆ ಕೆಲಸದ ಹೆಂಗಸರು ಇಟ್ಟ ಹೆಸರು ಭೂತಗನ್ನಡಿ.

ಒಡೆದ ಕೊಳವೆ ಅರ್ಧ ದಿನದಲ್ಲಿ ಸರಿಯಾಯಿತು. ಆದರೆ ಪ್ಲಂಬರ್ ಹೋಗಲಿಲ್ಲ. ಇಪ್ಪತ್ತು ಸಾಲಿನ ಹನಿಗಳೂ ಒಂದೇ ವೇಗದಲ್ಲಿ ಬೀಳುತ್ತಿಲ್ಲವೆಂದು ಅವನು ದೊಡ್ಡಪ್ಪನಿಗೆ ಅಳೆದು ತೋರಿಸಿದ. ದೊಡ್ಡಪ್ಪ ಅವನನ್ನು ಖಾಯಂ ಮಾಡಿಕೊಂಡರು. ಅಂದಿನಿಂದ ಎಲ್ಲರಿಗೂ ಅವನು ಮೇಸ್ತ್ರಿ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬೋಗುಣಿಯ ಮುಂದೆ ತೋಳು ಮಡಚುತ್ತ, ಬಾಗಿಲಿಗೆ ಹೇಳುವವನಂತೆ ಹೇಳಿದ. "ಬಿಟ್ಟೆ."

"ಏನನ್ನ?"

"ಟೊಮೇಟೊ ಕೇಳಿತ್ತಲ್ಲ, ಅದನ್ನ."

ಅಷ್ಟೇ. ಅವಳು ಇಡೀ ದಿನ ಎಲೆಗಳ ಲೆಕ್ಕ ತಪ್ಪುತ್ತಿದ್ದಳು.

ಬಿಸಿಲೇರಿದ ಹನ್ನೊಂದು ಗಂಟೆಯ ಹೊತ್ತಿಗೆ ಹೂ ತಟ್ಟುವ ಕೆಲಸ. ಬಲೆ ಕಟ್ಟಿದ ಮನೆಯೊಳಗೆ ಜೇನ್ನೊಣ ಬಾರದು, ಗಾಳಿಯೂ ಬೀಸದು. ಗಿಡಗಳನ್ನು ಎತ್ತಿ ಕಟ್ಟಿದ ಮೇಲಿನ ತಂತಿಯನ್ನು ಬಟ್ಟೆ ಸುತ್ತಿದ ಕೋಲಿನಿಂದ ತಟ್ಟಬೇಕು. ತಂತಿ ನಡುಗಿ, ದಾರ ನಡುಗಿ, ಹೂವು ನಡುಗಿ ಹಳದಿ ಪರಾಗ ಉದುರಿದರೆ ಮಾತ್ರ ಕಾಯಿ.

ಏಳನೇ ಸಾಲಿನ ಒಂದು ತುದಿಯಿಂದ ಅವಳು ತಟ್ಟುತ್ತ ಬರುತ್ತಿದ್ದಳು. ಇನ್ನೊಂದು ತುದಿಯಲ್ಲಿ ಹೇಗೋ ಏನೋ, ಅದೇ ಹೊತ್ತಿಗೆ ಮೇಸ್ತ್ರಿಗೆ ಯಾವುದೋ ಹನಿಕೊಳವೆ ಪರೀಕ್ಷಿಸುವುದಿರುತ್ತಿತ್ತು. ಕೋಲು ಎತ್ತಿಕೊಂಡು ಅವನೂ ತಟ್ಟುತ್ತಿದ್ದ. ನಲವತ್ತು ಮೀಟರ್ ಆಚೆ ಅವನು ತಟ್ಟಿದ್ದು ತಂತಿಯ ಗುಂಟ ಬಂದು ಅವಳ ಅಂಗೈಗೆ ತಾಕುತ್ತಿತ್ತು. ಎಲೆಗಳ ಮರೆಯಲ್ಲಿ ಅವನು ಕಾಣುತ್ತಿರಲಿಲ್ಲ. ಆದರೂ ಇಷ್ಟು ದೂರ, ಈಗ ಇಷ್ಟು ಹತ್ತಿರ ಎಂದು ಅವಳ ಕೈಗೆ ಗೊತ್ತಾಗುತ್ತಿತ್ತು...

ನಡುವೆ ಸಿಕ್ಕಾಗ ಇಬ್ಬರ ತಲೆಯೂ ಹಳದಿ.

"ಇದೇನು ಮೇಸ್ತ್ರಿ, ಏಳನೇ ಸಾಲಿನ ಪೈಪು ದಿನಾ ಕೆಡುತ್ತಾ?" ಎಂದು ಹೆಂಗಸರು ಕೆಣಕುತ್ತಿದ್ದರು. ಅವನು ಬಲು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಆ ಸಾಲಿನ ಪೈಪು ತುಂಬ ಸೂಕ್ಷ್ಮ ಎನ್ನುತ್ತಿದ್ದ.

ಅಕ್ಟೋಬರ್ ಬರುವಷ್ಟರಲ್ಲಿ ಅವರಿಬ್ಬರು ಒಬ್ಬರಿಗೊಬ್ಬರು ನೀನು ಆಗಿದ್ದರು. ಹಾಗೆಂದು ಯಾರೂ ಯಾರಿಗೂ ಏನನ್ನೂ ಹೇಳಿರಲಿಲ್ಲ. ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಅವನು ಒಮ್ಮೆ ಕೇಳಿದ್ದ, ಪ್ಲಂಬರ್‌ಗೆ ಹೆಣ್ಣು ಕೊಡೋಕೆ ನಿಮ್ಮ ದೊಡ್ಡಪ್ಪ ಒಪ್ತಾರಾ ಎಂದು. ಯಾವ ಹೆಣ್ಣು ಎಂದು ಅವಳು ಕೇಳಿದ್ದಳು. ಅವನ ಮುಖ ಚಹಾದ ಲೋಟದೊಳಗೆ ಹೋಗಿತ್ತು. ಬೇಸಿಗೆಯ ಬೆಳೆ ಮುಗಿಯಲಿ, ನಾನೇ ದೊಡ್ಡಪ್ಪನ ಹತ್ತಿರ ಮಾತಾಡ್ತೀನಿ ಎಂದು ಅವಳು ಮನಸ್ಸಿನಲ್ಲೇ ದಿನ ಗೊತ್ತುಮಾಡಿಕೊಂಡಿದ್ದಳು.

ಬೇಸಿಗೆಯ ಬೆಳೆಯೇ ಬರಲಿಲ್ಲ.

2009ರ ಜನವರಿ. ಏಳನೇ ಸಾಲಿನ ಮೂರು ಗಿಡಗಳ ತುದಿ ಎಲೆಗಳಲ್ಲಿ ತಿಳಿಹಸಿರು, ಕಡುಹಸಿರು ತೇಪೆಗಳು. ಭೂತಗನ್ನಡಿ ಹಿಡಿದು ಅವಳು ಒಂದೊಂದು ಎಲೆಯನ್ನೂ ಮತ್ತೆ ನೋಡಿದಳು. ನಾಲ್ಕು ದಿನಕ್ಕೆ ಎಂಟನೆಯ ಸಾಲು, ವಾರಕ್ಕೆ ಐದು, ಆರು, ಒಂಬತ್ತು. ಎಲೆಗಳು ಜರೀಗಿಡದ ಎಲೆಯಂತೆ ಸಣ್ಣಗೆ ಸುರುಟಿದವು. ಕಾಯಿಗಳ ಒಳಗೆ ಕಂದು ಕಲೆ.

ರೋಗವನ್ನು ಪತ್ತೆಹಚ್ಚುವ ಪಟ್ಟಿಗಳು ಅವಳ ಬಳಿ ಇದ್ದವು. ಎಲೆಯನ್ನು ದ್ರಾವಣದಲ್ಲಿ ಅರೆದು ಬೆರಳಗಲದ ಪಟ್ಟಿಯನ್ನು ಅದ್ದಿದರೆ, ಆರೋಗ್ಯವಿದ್ದಲ್ಲಿ ಒಂದು ಗೆರೆ, ವೈರಸ್ ಇದ್ದಲ್ಲಿ ಎರಡು. ಎರಡು ಗೆರೆ ಬಂತು.

ಹಾಲಿನ ಬೋಗುಣಿ ದಾಟಿ ಅದು ಒಳಗೆ ಬಂದದ್ದಾದರೂ ಹೇಗೆ? ಅವಳು ನಿದ್ದೆಗೆಟ್ಟು ಯೋಚಿಸಿದಳು. ಏಳನೇ ಸಾಲಿನಲ್ಲಿ ಶುರುವಾಗಿದೆ. ಏಳನೇ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಯಾರು?

ಬೇಡ ಬೇಡ ಎಂದುಕೊಂಡೇ ಅವನ ಉಪಕರಣಗಳ ಡಬ್ಬಿ ತೆರೆದಳು. ಅಡಿಯಲ್ಲಿ, ರಬ್ಬರ್ ವಾಷರ್‌ಗಳ ಕೆಳಗೆ, ಒಂದು ಸಿಗರೇಟು ಪೊಟ್ಟಣ.

ಅದರಿಂದ ಒಂದು ಚಿಟಿಕೆ ಸೊಪ್ಪು ತೆಗೆದು ಅರೆದಳು. ಪಟ್ಟಿ ಅದ್ದಿದಳು. ಗಡಿಯಾರ ನೋಡುತ್ತ ನಿಂತಳು. ಐದನೆಯ ನಿಮಿಷಕ್ಕೆ ಎರಡನೆಯ ಗೆರೆ ಮೂಡಿತು.

ಅವನು ಬಂದಾಗ ಎರಡು ಪಟ್ಟಿಗಳೂ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು.

"ಬಿಟ್ಟೆ ಅಂದಿದ್ದೆ."

"ಬಿಟ್ಟಿದ್ದೀನಿ. ಆ ಪೊಟ್ಟಣ ನಿನ್ನನ್ನ ಮೊದಲು ನೋಡಿದ ದಿನದ್ದು. ಅವತ್ತು ಒಳಗೆ ನಾಲ್ಕಿತ್ತು, ಇವತ್ತೂ ನಾಲ್ಕೇ ಇದೆ. ಹತ್ತಿರದಲ್ಲೇ ಇದೆ ಅಂತ ಗೊತ್ತಿದ್ರೆ ಬೇಡ ಅನ್ನೋಕೆ ಧೈರ್ಯ ಬರುತ್ತೆ, ಅದಕ್ಕೇ ಇಟ್ಕೊಂಡಿದ್ದೆ."

ಏಳು ತಿಂಗಳು ಸಿಗರೇಟು ಜೊತೆಯಲ್ಲಿಟ್ಟುಕೊಂಡು ಸೇದದೆ ಇರುವವರು ಇರುತ್ತಾರೆಯೇ? ಅವಳಿಗೆ ಅದು ಮಕ್ಕಳ ಕಥೆಯಂತೆ ಕೇಳಿಸಿತು. ಹಾಗಾದರೆ ಈ ಗೆರೆ ಏನು ಎಂದು ಪಟ್ಟಿಯನ್ನು ಅವನ ಮುಂದೆ ನೂಕಿದಳು.

ಅವನು ಪಟ್ಟಿಯನ್ನು ಮುಟ್ಟಲಿಲ್ಲ.

"ಪಟ್ಟಿ ಹೇಳಿದ್ದು ನೀನು ಕೇಳಿದೆ. ನಾನು ಹೇಳಿದ್ದು ಕೇಳಲಿಲ್ಲ" ಎಂದ. ಬೈಯಲಿಲ್ಲ, ಕೂಗಲಿಲ್ಲ. ಅದೇ ಅವಳನ್ನು ಮುಂದೆ ವರ್ಷಗಟ್ಟಲೆ ಕಾಡಿತು.

ಎಲ್ಲ ಗಿಡಗಳನ್ನೂ ಕಿತ್ತುಹಾಕುವುದು ಅನಿವಾರ್ಯವಾಯಿತು. ಮೇಸ್ತ್ರಿ ಓಡಿಹೋಗಲಿಲ್ಲ. ಮೂರು ದಿನ ಹೆಂಗಸರ ಜೊತೆ ನಿಂತು ಗಿಡ ಕಿತ್ತು ಚೀಲಕ್ಕೆ ತುಂಬಿದ. ಏಳನೇ ಸಾಲನ್ನು ಒಬ್ಬನೇ ಕಿತ್ತ. ಕೊಳವೆಗಳನ್ನೆಲ್ಲ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಪಂಪು ಓಡಿಸಿ ನೋಡಿ ಹೊರಟುಹೋದ. ಇರು ಎಂದು ದೊಡ್ಡಪ್ಪ ಗೇಟಿನವರೆಗೂ ಹಿಂದೆ ಹೋದರಂತೆ. ಅವಳು ಹೋಗಲಿಲ್ಲ.

ಅವಳು ಮಾಡಿದ ಇನ್ನೊಂದು ಕೆಲಸವಿತ್ತು. ಬೆಳೆಗಾರರ ಸಂಘದ ಪತ್ರಿಕೆಗೆ ಒಂದು ಲೇಖನ ಬರೆದಳು. 'ಒಂದು ಪೊಟ್ಟಣ, ನಾಲ್ಕು ಸಾವಿರದ ಇನ್ನೂರು ಗಿಡ.' ಅದರಲ್ಲಿ ಹೆಸರಿರಲಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ, ಹಸಿರುಮನೆಗಳ ಲೋಕ ಅಷ್ಟು ಸಣ್ಣದು. ಲೇಖನವನ್ನು ಎಲ್ಲ ಕಡೆ ತರಬೇತಿಗಳಲ್ಲಿ ಓದಿಸಿದರು. ಅದನ್ನು ನೋಡಿಯೇ ಬೀಜ ಪರೀಕ್ಷಾ ಪ್ರಯೋಗಾಲಯದವರು ಅವಳಿಗೆ ಕೆಲಸ ಕೊಟ್ಟರು. ಅದನ್ನು ನೋಡಿಯೇ ಯಾವ ಟೊಮೇಟೊ ಮನೆಯವರೂ ಮೇಸ್ತ್ರಿಗೆ ಕೆಲಸ ಕೊಡಲಿಲ್ಲ.

ಗಿಡ ಕೀಳುವ ಮೊದಲೇ ಅವಳು ಏಳನೇ ಸಾಲಿನ ಎಲೆಗಳನ್ನು ಕತ್ತರಿಸಿ ಐದು ಸಣ್ಣ ಕೊಳವೆಗಳಲ್ಲಿ ಹಾಕಿ, ದಿನಾಂಕ ಬರೆದು ಇಟ್ಟಿದ್ದಳು, ಹೊಸ ಕೆಲಸಕ್ಕೆ ಹೋಗುವಾಗ ಅವನ್ನೂ ಜೊತೆಗೆ ತೆಗೆದುಕೊಂಡಳು. ಒಂಬತ್ತು ವರ್ಷ ಪ್ರಯೋಗಾಲಯದ ಫ್ರೀಜರಿನಲ್ಲಿ ಅವು ಇದ್ದವು. ಹೊಸ ಪಟ್ಟಿಗಳ ಕಟ್ಟು ಬಂದಾಗಲೆಲ್ಲ, ಹೊಗೆಸೊಪ್ಪಿನ ವೈರಸ್ ಹೇಗಿರುತ್ತದೆಂದು ತೋರಿಸುವ ಮಾದರಿಯಾಗಿ ಅವನ್ನೇ ಬಳಸುತ್ತಿದ್ದರು.

ಮದುವೆಯ ಮಾತು ತಂದವರಿಗೆಲ್ಲ ಅವಳು ಏನಾದರೊಂದು ಕೊಂಕು ಹುಡುಕಿದಳು. ಅವಳಿಗೆ ಗೊತ್ತಿಲ್ಲದೆಯೇ ಕೆಲವು ಬೆಳಿಗ್ಗೆಗಳಲ್ಲಿ ಅವಳ ಅಂಗೈ ಗಾಳಿಯಲ್ಲಿ ಮೇಲಕ್ಕೆ ಹೋಗುತ್ತಿತ್ತು, ಇಲ್ಲದ ತಂತಿಯೊಂದನ್ನು ಮುಟ್ಟಲು. ಛೆ, ಇದೇನು ಹುಚ್ಚು... ಎಂದು ಕೈ ಇಳಿಸುತ್ತಿದ್ದಳು.

2018ರ ಫೆಬ್ರವರಿಯಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ಹೊಸ ಪರೀಕ್ಷೆಯೊಂದನ್ನು ಒರೆಗೆ ಹಚ್ಚುತ್ತಿದ್ದಳು. ಎರಡು ಮಕ್ಕಳ ತಾಯಿ, ಮಾತಿನಲ್ಲಿ ನಯನಾಜೂಕು ಕಡಿಮೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಹೇಳಿದಳು.

"ನಿಮ್ಮ ಹಳೇ ಸ್ಯಾಂಪಲ್ ಹೊಗೆಸೊಪ್ಪಿನದಲ್ಲ ಕಣ್ರೀ. ಟೊಮೇಟೊದ್ದು."

"ಅಂದ್ರೆ?"

ಎರಡು ವೈರಸ್‌ಗಳಿವೆ, ಒಡಹುಟ್ಟಿದವರಂತೆ. ಒಂದಕ್ಕೆ ಹೊಗೆಸೊಪ್ಪಿನ ಹೆಸರು, ಇನ್ನೊಂದಕ್ಕೆ ಟೊಮೇಟೊದ್ದು. ಹಳೆಯ ಪಟ್ಟಿಗೆ ಅವೆರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ, ಯಾವುದು ಬಂದರೂ ಗೆರೆ ಎಳೆಯುತ್ತದೆ. ಹೊಸ ಪರೀಕ್ಷೆ ಬೇರೆಬೇರೆ ಮಾಡುತ್ತದೆ. ಸಿಗರೇಟಿನಲ್ಲಿ ಇರುವುದು ಮೊದಲನೆಯದು. ಎರಡನೆಯದು ಹೆಚ್ಚಾಗಿ ಬರುವುದು ಬೀಜದ ಮೂಲಕ. ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಪುಸ್ತಕದಲ್ಲಿ ಓದಿದ್ದದ್ದೇ. ಆ ಜನವರಿಯಲ್ಲಿ ಒಂದು ಕ್ಷಣವೂ ನೆನಪಿಗೆ ಬರಲಿಲ್ಲ, ಅಷ್ಟೇ.

ಅವಳು ಐದೂ ಕೊಳವೆಗಳನ್ನು ಪರೀಕ್ಷೆಗೆ ಹಾಕಿದಳು. ಒಂದಲ್ಲ, ಮೂರು ಸಲ. ಮೂರು ಸಲವೂ ಟೊಮೇಟೊದ್ದೇ.

ಹಾಗಾದರೆ... ಯಾವ ಬೀಜ?

ಉತ್ತರ ಅವಳ ಕಾಲಿನ ಕೆಳಗಿನ ನೆಲವನ್ನೇ ಎಳೆದುಕೊಂಡಿತು. 2008ರ ಸೆಪ್ಟೆಂಬರಿನಲ್ಲಿ ಅವಳೇ ಆಸೆಪಟ್ಟು ಹೊಸ ತಳಿಯೊಂದರ ಬೀಜ ತರಿಸಿದ್ದಳು, ಪ್ರಯೋಗಕ್ಕೆಂದು. ನೆನೆಸಿ ತೊಳೆದೆಯಾ ಎಂದು ದೊಡ್ಡಪ್ಪ ಕೇಳಿದ್ದರು. ಶುದ್ಧ ಮಾಡಿದ್ದು ಅಂತ ಪೊಟ್ಟಣದ ಮೇಲೇ ಬರೆದಿದೆ, ಮತ್ತೆ ಯಾಕೆ ಎಂದು ಅವಳು ಅಂದಿದ್ದಳು. ಆ ಸಸಿಗಳನ್ನು ನೆಟ್ಟದ್ದು ತನ್ನ ಕಣ್ಣಳತೆಯಲ್ಲೇ ಇರಲಿ ಎಂದು...

ಏಳನೇ ಸಾಲಿನಲ್ಲಿ.

ಏನನ್ನೂ ಎಸೆಯದ ಅವಳ ಸ್ವಭಾವಕ್ಕೆ ಸರಿಯಾಗಿ ಉಳಿದ ಬೀಜವೂ ಡಬ್ಬಿಯೊಂದರಲ್ಲಿ ಇತ್ತು. ನಲವತ್ತೊಂದು ಬೀಜ. ಅರೆದು ಹಾಕಿದಳು. ಅದೇ ವೈರಸ್. ಸಹೋದ್ಯೋಗಿ ಅವಳ ಮುಖ ನೋಡಿ, ತನ್ನ ಕೆಲಸ ಬಿಟ್ಟು ಎದ್ದು, ಒಂದು ಲೋಟ ನೀರು ತಂದಿಟ್ಟಳು.

ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿದಳು. ಟೊಮೇಟೊ ಬಿಟ್ಟು ಸೊಪ್ಪು ಬೆಳೆದು, ಈಗ ಮೊಣಕಾಲು ನೋವಿಗೆ ಶರಣಾಗಿ ಮನೆಯಲ್ಲಿರುವ ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಂಡರು.

"ಗಿಡ ಹೋದದ್ದು ನನಗೆ ಮರೆತೇ ಹೋಯ್ತಮ್ಮ. ಆ ಮನುಷ್ಯ ಹೋದದ್ದು ಮರೆತಿಲ್ಲ" ಎಂದರು.

ಮೇಸ್ತ್ರಿ ಎಲ್ಲಿದ್ದಾನೆಂಬುದೂ ಅವರಿಗೆ ಗೊತ್ತಿತ್ತು. ಮುಚ್ಚಿಹೋದ ಬಸ್ ರಿಪೇರಿ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಅದೇ ರೀತಿ ಮಣ್ಣಿಲ್ಲದೆ ಜರ್ಬೆರಾ ಹೂವು ಬೆಳೆಯುತ್ತಿದ್ದಾನೆ, ಒಬ್ಬನೇ ಇದ್ದಾನೆ, ವರ್ಷಕ್ಕೆರಡು ಸಲ ಬಂದು ತಮ್ಮ ಮನೆಯ ನಲ್ಲಿಗಳನ್ನು ನೋಡಿಹೋಗುತ್ತಾನೆ ಎಂದರು. ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದು ಅವಳು ಸಿಟ್ಟಾದಳು.

"ನೀನು ಕೇಳಲಿಲ್ಲ."

ಆ ರಾತ್ರಿಯಲ್ಲ, ಮರುದಿನ ಆಫೀಸಿನ ಮೇಜಿನಲ್ಲಿ ಕೂತು ಅವಳು ಲೇಖನ ಹಿಂತೆಗೆದುಕೊಳ್ಳುವ ಪತ್ರ ಬರೆದಳು. ರೋಗ ಬಂದದ್ದು ನನ್ನ ಬೀಜದಿಂದ. ಅದನ್ನು ತೊಳೆಯದೆ ಬಿತ್ತಿದವಳು ನಾನು. ಎರಡು ಪಟ್ಟಿಗಳ ಗೆರೆಯೂ ಒಂದೇ ವೈರಸ್ಸಿನದೆಂದು ಓದಿದವಳು ನಾನು. ಆ ಕೆಲಸಗಾರನಿಗೂ ರೋಗಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೊದಲು ಅವನನ್ನು ನೋಡಿ ಬರಲೇ, ಆಮೇಲೆ ಕಳಿಸಲೇ ಎಂದು ಯೋಚಿಸಿದಳು. ಕ್ಷಮೆ ಸಿಕ್ಕಮೇಲೆ ಕಳಿಸಿದರೆ ಅದು ವ್ಯಾಪಾರವಾದೀತು ಎನ್ನಿಸಿತು. ಸಂಘದ ಪತ್ರಿಕೆಗೂ, ತನ್ನ ಮೇಲಧಿಕಾರಿಗೂ ಕಳಿಸಿಯೇ ಎದ್ದಳು. ಇನ್ನು ತರಬೇತಿಗಳಲ್ಲಿ ತನ್ನ ಹೆಸರು ಬೇರೆ ಪಾಠಕ್ಕೆ ಉದಾಹರಣೆಯಾಗುತ್ತದೆ. ಆಗಲಿ.

ಭಾನುವಾರ ಬೆಳಿಗ್ಗೆ ಅವಳು ಆ ಶೆಡ್ಡಿನ ಮುಂದೆ ನಿಂತಳು.

ಬಸ್ಸುಗಳು ನುಗ್ಗುತ್ತಿದ್ದ ಎತ್ತರದ ಬಾಗಿಲು. ಮೇಲಿನ ತಗಡು ತೆಗೆದು ಬೆಳಕು ಬೀಳುವ ಹಾಳೆ ಹೊದಿಸಿದ್ದ. ನೆಲದಲ್ಲಿ ಇನ್ನೂ ಗ್ರೀಸಿನ ಕಪ್ಪು ಕಲೆಗಳು, ಅವುಗಳ ಮೇಲೆ ಉದ್ದುದ್ದಕ್ಕೆ ದೋಣಿಗಳು, ದೋಣಿಗಳಲ್ಲಿ ಕೆಂಪು, ಕಿತ್ತಳೆ, ಬಿಳಿ ಹೂವುಗಳು. ಒಂದೊಂದು ಹೂವಿಗೂ ದಳ ಮುದುಡದಂತೆ ತೆಳು ಪ್ಲಾಸ್ಟಿಕ್ಕಿನ ಕುಪ್ಪಸ.

ಅವನು ಬಾಗಿ ಹೂ ಕೀಳುತ್ತಿದ್ದ. ಕತ್ತರಿಯಿಲ್ಲ. ದಂಟನ್ನು ಬುಡದಲ್ಲಿ ಹಿಡಿದು ಪಕ್ಕಕ್ಕೆ ತಿರುಚಿ ಎಳೆಯುತ್ತಿದ್ದ, ಸಣ್ಣ ಸದ್ದಿನೊಂದಿಗೆ ಅದು ಕಳಚಿಕೊಳ್ಳುತ್ತಿತ್ತು. ಕಿವಿಯ ಪಕ್ಕದ ಕೂದಲು ನೆರೆತಿತ್ತು. ಮೂಗಿನ ಮೇಲೆ ಕನ್ನಡಕ ಬಂದಿತ್ತು.

ತಲೆಯೆತ್ತಿದ. ಕೈಯಲ್ಲಿದ್ದ ಹೂಗಳನ್ನು ಬಕೆಟ್ಟಿಗೆ ಇಳಿಸಿದ. ಎಲ್ಲ ಹೂಗಳೂ ಸರಿಯಾಗಿ ನಿಂತವೇ ಎಂದು ನೋಡಿಕೊಂಡ ಮೇಲೇ ಮಾತಾಡಿದ.

"ಬನ್ನಿ."

ಬನ್ನಿ... ಅವಳ ಎದೆಯಲ್ಲಿ ಏನೋ ಕಳಚಿತು.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿಗೋ ಹೋದವು. ಪತ್ರದ ಪ್ರತಿಯನ್ನು ಕೈಗೆ ಕೊಟ್ಟಳು. ಅವನು ಕೈ ಒರೆಸಿಕೊಂಡು ನಿಂತೇ ಓದಿದ. ಮತ್ತೆ ಮೊದಲಿನಿಂದ ಓದಿದ.

"ಇದನ್ನ ಕಳಿಸಿಬಿಟ್ಟಿದ್ದೀರಾ?"

ಕಳಿಸಿದೆ ಎಂದು ತಲೆಯಾಡಿಸಿದಳು.

"ಕೆಲಸಕ್ಕೆ ತೊಂದರೆ ಆಗಲ್ವಾ?"

ಆಗಬಹುದು ಎಂದಳು. ಅವನು ಕಾಗದವನ್ನು ನಾಲ್ಕಾಗಿ ಮಡಚಿದ. ಒಂದು ಪ್ರಶ್ನೆ ಇದೆ ಎಂದ.

"ಈ ಸಲ ಮಿಷಿನ್ ಹೇಳ್ತು, ಅದಕ್ಕೆ ಬಂದಿರಿ. ಮಿಷಿನ್ ಹೇಳದೆ ಇದ್ದಿದ್ರೆ ಬರ್ತಿದ್ರಾ?"

ಶೆಡ್ಡಿನ ಮೂಲೆಯಲ್ಲಿ ಪಂಪು ಗುಂಯ್ ಎನ್ನುತ್ತಿತ್ತು. ಸುಳ್ಳು ಹೇಳುವುದು ಸುಲಭವಿತ್ತು. ಬರ್ತಿದ್ದೆ ಎನ್ನುವ ಮೂರಕ್ಷರ ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲ" ಎಂದಳು. "ಬರ್ತಿರಲಿಲ್ಲ. ನೀವು ಹೇಳಿದ್ದು ನಿಜ ಇರಬಹುದು ಅಂತ ಎಷ್ಟೋ ಸಲ ಅನ್ನಿಸಿತ್ತು. ನಿಜ ಆಗಿದ್ರೆ ನಾನೇನು ಮಾಡಿದ ಹಾಗಾಯ್ತು ಅಂತ ಹೆದರಿ ಅಲ್ಲಿಗೇ ನಿಲ್ಲಿಸ್ತಿದ್ದೆ."

ಅವನು ಮಡಚಿದ ಕಾಗದವನ್ನು ಅಂಗಿಯ ಜೇಬಿಗೆ ಇಟ್ಟುಕೊಂಡ.

"ಸುಳ್ಳು ಹೇಳ್ತೀರೇನೋ ಅಂದ್ಕೊಂಡಿದ್ದೆ" ಎಂದ. "ಹೇಳಿದ್ರೆ ಚಹಾ ಕೊಟ್ಟು ಕಳಿಸ್ತಿದ್ದೆ."

ಹಳೆಯ ಬಸ್ಸಿನ ಸೀಟೊಂದನ್ನು ಗೋಡೆಗೆ ಆನಿಸಿ ಹಾಕಿದ್ದ. ಅದರ ಧೂಳನ್ನು ಟವೆಲ್ಲಿನಿಂದ ಹೊಡೆದು ಕೂರಿ ಎಂದ. ತಾನು ಬಕೆಟ್ ಬೋರಲು ಹಾಕಿಕೊಂಡು ಕೂತ. ಆ ಲೇಖನವನ್ನು ತಾನೂ ಓದಿದ್ದಾಗಿ ಹೇಳಿದ. ಕೆಲಸ ಕೇಳಲು ಹೋದಲ್ಲೆಲ್ಲ ಅದು ಗೋಡೆಗೆ ಅಂಟಿಸಿರುತ್ತಿತ್ತಂತೆ, ಬಾಯಿಪಾಠವೇ ಆಗಿಬಿಟ್ಟಿದೆಯಂತೆ. ನಗಿಸಲೆಂದೇ ಹೇಳಿದ್ದ. ಅವಳು ಮುಖ ಮುಚ್ಚಿಕೊಂಡಳು.

"ಅಳೋದು ಬೇಡ. ಬರವಣಿಗೆ ಚೆನ್ನಾಗಿತ್ತು. ಒಂದೇ ಒಂದು ಬಿಟ್ಟಿದ್ರಿ. ಏಳನೇ ಸಾಲಲ್ಲೇ ಅವನು ಹೆಚ್ಚು ಓಡಾಡ್ತಿದ್ದ ಅಂತ ಬರೆದಿದ್ರಿ. ಯಾಕೆ ಓಡಾಡ್ತಿದ್ದ ಅಂತ ಬರೀಲಿಲ್ಲ."

ಅವಳು ಕೈ ತೆಗೆದು ನೋಡಿದಳು.

"ಆ ಸಾಲಲ್ಲಿ ಒಂದು ದಿನಾನೂ ಒಂದು ಪೈಪೂ ಕೆಟ್ಟಿರಲಿಲ್ಲ" ಎಂದ ಅವನು.

ಒಂಬತ್ತು ವರ್ಷ ಅವಳು ಎಲ್ಲವನ್ನೂ ಲೆಕ್ಕ ಹಾಕಿದ್ದಳು. ಯಾರು, ಎಲ್ಲಿ, ಎಷ್ಟು ಸಲ, ಯಾವ ದಿನಾಂಕ. ಆ ಲೆಕ್ಕದಲ್ಲಿ ತನ್ನನ್ನೇ ಸೇರಿಸಿಕೊಂಡಿರಲಿಲ್ಲ. ರೋಗವೂ ಅವನೂ ಒಂದೇ ಸಾಲಿಗೆ ಬಂದದ್ದು ಅವಳಿಂದಾಗಿಯೇ. ಒಂದನ್ನು ಅವಳು ಬಿತ್ತಿದ್ದಳು. ಇನ್ನೊಬ್ಬ ತಾನಾಗಿ ಬಂದಿದ್ದ...

ಅಳು ಬಂತು, ಜೊತೆಗೇ ನಗುವೂ ಬಂತು. ಅವನು ಟವೆಲ್ ಚಾಚಿದ, ಬಸ್ ಸೀಟಿನ ಧೂಳು ಹೊಡೆದದ್ದು ಅದೇ ಎಂದು ನೆನಪಾಗಿ ಹಿಂದಕ್ಕೆ ಎಳೆದುಕೊಂಡ.

"ಕ್ಷಮೆ ಕೇಳೋಕಷ್ಟೇ ಬಂದದ್ದಲ್ಲ ನಾನು" ಎಂದಳು ಮೂಗು ಒರೆಸಿಕೊಳ್ಳುತ್ತ. "ಕ್ಷಮೆ ಕಾಗದದಲ್ಲೇ ಕೇಳಬಹುದಿತ್ತು."

"ಮತ್ತೆ?"

"ನೀವಿಲ್ಲದೆ... ಎಲ್ಲಾನೂ ಸರಿಯಾಗೇ ನಡೀತಿತ್ತು. ಸರಿಯಾಗಿ ನಡೀತಾ ಇದ್ದದ್ದೇ ಕಷ್ಟವಾಗಿತ್ತು."

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದ. ಒರೆಸಿದಷ್ಟೂ ಅದು ಮಸುಕಾಗುತ್ತಲೇ ಇತ್ತು. ನನಗೂ ಹಾಗೇ ಎಂದು ಅವನು ಹೇಳಿದ್ದು ಕನ್ನಡಕಕ್ಕೆ.

ಅಷ್ಟರಲ್ಲಿ ಪಂಪಿನ ಗಂಟೆ ಹೊಡೆಯಿತು. ಹನ್ನೊಂದು ಗಂಟೆಗೆ ಗಿಡಗಳಿಗೆ ನೀರು ಬಿಡಬೇಕು. ಪ್ರೀತಿಯ ಮಾತಿಗೆ ಕಾಯುವ ಬೆಳೆಯಲ್ಲ ಅದು. ಅವನು ಎದ್ದು ತೊಟ್ಟಿಯ ಕಡೆ ನಡೆದ, ಅವಳೂ ಹಿಂದೆಯೇ ಹೋದಳು. ತೊಟ್ಟಿಯ ಪಕ್ಕ ದಾರ ಕಟ್ಟಿದ ದಿನಚರಿ ಪುಸ್ತಕ. ದಿನಾಂಕ, ಹೊತ್ತು, ಲವಣದ ಅಳತೆ, ನೀರಿನ ಬಿಸಿ. ಇವತ್ತಿನ ಸಾಲಿನಲ್ಲಿ ಕೊನೆಯದೊಂದೇ ಖಾಲಿ ಇತ್ತು. ಉಷ್ಣಮಾಪಕ ಮೊನ್ನೆ ಒಡೆದುಹೋಗಿದೆ, ಹೊಸದು ಇನ್ನೂ ಬಂದಿಲ್ಲ ಎಂದ. ಅಂಗಿ ತೋಳು ಮೇಲೇರಿಸಿ ನೀರಿಗೆ ಕೈ ಇಳಿಸಿ ಅರ್ಧ ನಿಮಿಷ ಹಾಗೇ ಹಿಡಿದ.

"ಇಪ್ಪತ್ತೊಂದು" ಎಂದ.

ಅವಳ ಚೀಲದಲ್ಲಿ ಉಷ್ಣಮಾಪಕವಿತ್ತು. ದಶಾಂಶದವರೆಗೆ ತೋರಿಸುವಂಥದ್ದು, ಹೋದ ತಿಂಗಳಷ್ಟೇ ಸರಿನೋಡಿದ್ದು. ಕೈ ತನ್ನಷ್ಟಕ್ಕೆ ತಾನೇ ಚೀಲದ ಜಿಪ್ಪಿಗೆ ಹೋಯಿತು.

ಅವನು ಅದನ್ನು ನೋಡಿದ. ನೀರಿನಿಂದ ಕೈ ತೆಗೆಯಲಿಲ್ಲ.

ಅವಳು ಜಿಪ್ಪು ಬಿಟ್ಟು ಪೆನ್ನು ತೆಗೆದುಕೊಂಡಳು.

"ಎಷ್ಟಂದೆ ನೀನು?"

"ಇಪ್ಪತ್ತೊಂದು." ಚೀಲದ ಕಡೆ ಕಣ್ಣು ತೋರಿಸಿದ. "ಒಂದು ಸಲ ನೋಡಿಕೊಳ್ಳಲ್ವಾ?"

"ನೀನು ಹೇಳಿದೆಯಲ್ಲ."

"ಹಾಗಾದ್ರೆ ಬರ್ಕೋ."

ಅವಳು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ದುಂಡು ಅಕ್ಷರಗಳಲ್ಲಿ ಬರೆದಳು. ನೀರಿನ ಬಿಸಿ: 21 ಡಿಗ್ರಿ ಸೆಲ್ಸಿಯಸ್.